ಮಹಡಿಯ ಹಲಗೆ ಉಜ್ಜುವ ಮೊದಲು

ಮಲೆನಾಡಿನ ಹಳೆಯ ಮನೆಗಳ ಮಹಡಿಯಲ್ಲಿ ಹಾಸಿದ ಸಾಗುವಾನಿ, ಹೊನ್ನೆ, ಹಲಸಿನ ಹಲಗೆಗಳು ಮಂಕಾದವೆಂದು ಮೇಲೆ ವಿನೈಲ್ ಹಾಳೆ ಅಂಟಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾಳೆಯಡಿ ತೇವ ಸಿಕ್ಕಿಕೊಂಡರೆ ಮರ ಒಳಗೊಳಗೇ ಕೊಳೆಯುತ್ತದೆ. ಮರ ಉಜ್ಜುವ ಒಂದು ಸ್ಯಾಂಡರ್ ಯಂತ್ರ ಮತ್ತು ತಾಳ್ಮೆ ಇದ್ದರೆ ಆ ನೆಲವನ್ನು ಮನೆಯವರೇ ಸರಿಪಡಿಸಬಹುದು.

ಎಲ್ಲ ನೆಲವನ್ನೂ ಪೂರ್ತಿ ಉಜ್ಜಬೇಕಿಲ್ಲ. ಮೆಟ್ಟಿಲು ಹತ್ತಿ ಬಂದು ಕಾಲಿಡುವ ಜಾಗದಲ್ಲಿ ನಾಲ್ಕು ಹನಿ ನೀರು ಹಾಕಿ ಸ್ವಲ್ಪ ಹೊತ್ತು ನೋಡಿ. ಹನಿ ದುಂಡಗೆ ನಿಂತರೆ ಹಳೆಯ ಲೇಪ ಇನ್ನೂ ಉಳಿದಿದೆ. ನಯವಾದ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ, ಮೇಲೊಂದು ಕೋಟ್ ವಾರ್ನಿಷ್ ಬಳಿದರೆ ಸಾಕು. ಆದರೆ ಮೇಣ ತಿಕ್ಕಿದ ನೆಲದ ಮೇಲೂ ಹನಿ ಹಾಗೆಯೇ ನಿಲ್ಲುತ್ತದೆ, ಮೇಣದ ಮೇಲೆ ವಾರ್ನಿಷ್ ಹಿಡಿಯುವುದಿಲ್ಲ. ನೀರು ಇಂಗಿ ಮರ ಕಪ್ಪಗಾದರೆ ಮಾತ್ರ ಪೂರ್ತಿ ಉಜ್ಜಿ. ಪ್ರತಿ ಸಲವೂ ಹಲಗೆ ತೆಳುವಾಗುತ್ತದೆ, ಹೋದ ಮರ ಮತ್ತೆ ಬರುವುದಿಲ್ಲ.

ಮಳೆಗಾಲದಲ್ಲಿ ಇದಕ್ಕೆ ಕೈಹಾಕಲೇಬೇಡಿ. ಲೇಪ ಬೇಗ ಒಣಗುವುದಿಲ್ಲ, ಮರವೂ ತೇವ ಕುಡಿದು ಉಬ್ಬಿರುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆ ಒಳ್ಳೆಯದು. ಆಗ ಹಲಗೆಗಳ ನಡುವೆ ಸಂದು ಕಾಣಿಸುತ್ತದೆಯೆಂದು ಗಟ್ಟಿ ಪುಟ್ಟಿ ತುಂಬಬೇಡಿ. ಜೂನ್‌ನಲ್ಲಿ ಮರ ಉಬ್ಬಿದಾಗ ಪುಟ್ಟಿ ಮೇಲೇಳುತ್ತದೆ, ಇಲ್ಲವೇ ಹಲಗೆಯೇ ಎದ್ದು ನಿಲ್ಲುತ್ತದೆ. ಸಂದು ಮರಕ್ಕೆ ಬೇಕಾದ ಜಾಗ, ಅದನ್ನು ಹಾಗೆಯೇ ಬಿಡಿ.

ಯಂತ್ರ ಹಿಡಿಯುವ ಮೊದಲು ಬೆರಳಿನಿಂದ ನೆಲವನ್ನೆಲ್ಲ ಸವರಿ, ಎದ್ದ ಮೊಳೆಗಳನ್ನು ಒಳಕ್ಕೆ ಹೊಡೆಯಿರಿ. ಬಡಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿರಬಹುದು, ಅಂಥ ಹಲಗೆಯನ್ನು ಬದಲಿಸಬೇಕು. ಕೆಳಗಿನ ಕೋಣೆಯ ಅಕ್ಕಿ ಡಬ್ಬ, ಹಾಸಿಗೆಗಳನ್ನು ಮುಚ್ಚಿಡಿ, ಪುಡಿಯೆಲ್ಲ ಸಂದಿನಿಂದ ಅಲ್ಲಿಗೇ ಉದುರುತ್ತದೆ. ನೆಲಕ್ಕೆ ಹಳೆಯ ಬಣ್ಣ ಬಳಿದಿದ್ದರೆ ಒಣಗಿದ್ದನ್ನು ಉಜ್ಜಲೇಬೇಡಿ. ಭಾರತದಲ್ಲಿ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ವಿಷವಾಗಬಹುದು, ಬಣ್ಣ ಕರಗಿಸುವ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ.

ಉಜ್ಜುವಾಗ ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ, ಕಿಟಕಿಗಳು ತೆರೆದಿರಲಿ. ಮೊದಲು 60 ನಂಬರಿನ ಒರಟು ಉಪ್ಪುಕಾಗದ, ಆಮೇಲೆ 80, ಕೊನೆಗೆ ನಯವಾದ 120. ನಡುವಿನದನ್ನು ಬಿಟ್ಟರೆ ಮೊದಲಿನ ಗೀರುಗಳು ವಾರ್ನಿಷ್ ಬಿದ್ದ ಮೇಲೆ ಎದ್ದು ಕಾಣುತ್ತವೆ. ಪಟ್ಟಿಯಂತೆ ಸುತ್ತುವ ಕಾಗದದ ಬೆಲ್ಟ್ ಸ್ಯಾಂಡರ್ ಆದರೆ ಮರದ ಎಳೆಯ ಉದ್ದಕ್ಕೇ ಓಡಿಸಬೇಕು, ಒಂದೇ ಕಡೆ ನಿಲ್ಲಿಸಿದರೆ ಕ್ಷಣದಲ್ಲಿ ಗುಳಿ ಬೀಳುತ್ತದೆ. ಹೊಸಬರಿಗೆ ಕಾಗದವನ್ನು ಸಣ್ಣ ಸುತ್ತುಗಳಲ್ಲಿ ಆಡಿಸುವ ಆರ್ಬಿಟಲ್ ಸ್ಯಾಂಡರ್ ಸಾಕು. ಕೆಲಸ ನಿಧಾನ, ಅಪಾಯ ಕಡಿಮೆ. ಮೊಳೆಯ ಸುತ್ತ ಕಪ್ಪು ಕಲೆ ಉಳಿದಿದ್ದರೆ ಅದು ಕಬ್ಬಿಣ, ನೀರು ಮತ್ತು ಮರದೊಳಗಿನ ಒಗರು ಸೇರಿ ಆದದ್ದು. ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ, ನೀರಿನಿಂದ ಒರೆಸಿ ತೆಗೆದು, ಚೆನ್ನಾಗಿ ಒಣಗಲು ಬಿಡಿ. ಇದು ವಿಷ, ಕೈಗವಸು ಕಡ್ಡಾಯ.

ಧೂಳನ್ನು ವ್ಯಾಕ್ಯೂಮ್‌ನಿಂದ ಹೀರಿ, ಒದ್ದೆ ಹಿಂಡಿದ ಬಟ್ಟೆಯಿಂದ ಒರೆಸಿ. ಸಾಗುವಾನಿಯಲ್ಲಿ ಎಣ್ಣೆಯಂಶವಿರುವುದರಿಂದ ಲೇಪದ ಮೊದಲು ಥಿನ್ನರ್‌ನಿಂದಲೂ ಒಂದು ಸಲ ಒರೆಸಬೇಕು. ಬಾಗಿಲು, ಕುರ್ಚಿಗೆ ಚೆಂದವಾದ ಅರಗಿನ ಪಾಲಿಶ್ ನೆಲಕ್ಕೆ ಬೇಡ, ನೀರು ಬಿದ್ದಲ್ಲಿ ಬಿಳಿ ಕಲೆಯಾಗುತ್ತದೆ. ನೆಲಕ್ಕೆ ಪಾಲಿಯುರಿಥೇನ್ ಎಂಬ ಗಟ್ಟಿ ವಾರ್ನಿಷ್ ಬೇಕು, ತೆಳುವಾಗಿ ಮೂರು ಕೋಟ್. ಒಂದು ಕೋಟ್ ಒಣಗಿದ ಮೇಲೆ 220ರ ಕಾಗದದಿಂದ ಹಗುರವಾಗಿ ತಿಕ್ಕಿ, ಒರೆಸಿ, ಮುಂದಿನದನ್ನು ಬಳಿಯಿರಿ. ಒಳ ಮೂಲೆಯಿಂದ ಬಾಗಿಲ ಕಡೆಗೆ ಬನ್ನಿ.

ವಾರ್ನಿಷ್ ಬದಲು ಮರಕ್ಕೆ ಅಗಸೆ ಎಣ್ಣೆ ಬಳಸುವವರು ಒಂದು ಮಾತನ್ನು ಮರೆಯಬಾರದು. ಎಣ್ಣೆ ಹೀರಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಮರದ ಮನೆಯಲ್ಲಿ ಇದಕ್ಕಿಂತ ದೊಡ್ಡ ಅನಾಹುತವಿಲ್ಲ. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕೊನೆಯ ಕೋಟ್‌ನ ಮರುದಿನ ಬರಿಗಾಲಲ್ಲಿ ನಡೆಯಬಹುದಾದರೂ ಮಂಚ, ಬೀರು ಎಳೆಯಲು ಒಂದು ವಾರ ಕಾಯಿರಿ. ಅವುಗಳ ಕಾಲಿಗೆ ದಪ್ಪ ಬಟ್ಟೆಯ ತುಂಡು ಅಂಟಿಸಿ. ಮುಂದೆ ನೆಲ ಒರೆಸುವಾಗ ಬಕೆಟ್ ನೀರು ಸುರಿಯಬೇಡಿ, ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.