ಫಾರ್ಮ್ 16 (ಸಂಬಳ, ಅದರಲ್ಲಿ ಹಿಡಿದ ತೆರಿಗೆಯ ಬಗ್ಗೆ ಕಂಪನಿ ಕೊಡುವ ಪತ್ರ) ಬಂತು, ಇನ್ನು ಆದಾಯ ತೆರಿಗೆ ರಿಟರ್ನ್ ಹಾಕುವುದು ಹೇಗೆ?

2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಸಂಬಳಕ್ಕೆ ರಿಟರ್ನಿನಲ್ಲಿ ಆರಿಸಬೇಕಾದ ಅಸೆಸ್‌ಮೆಂಟ್ ವರ್ಷ, ಅಂದರೆ ಗಳಿಕೆಯ ಮರುವರ್ಷ, 2026-27. ಹಣ ಕಟ್ಟುವ ಚಲನ್‌ನಲ್ಲೂ ಇದೇ ಇರಬೇಕು. ಒಂದು ವರ್ಷ ಆಚೀಚೆಯಾದರೆ ಕಟ್ಟಿದ ಹಣ ಆ ವರ್ಷದ ಖಾತೆಗೆ ಹೋಗುತ್ತದೆ, ಇಲ್ಲಿ ಬಾಕಿ ಹಾಗೇ ನಿಲ್ಲುತ್ತದೆ.

‘ನನಗೆ ತೆರಿಗೆಯೇ ಬರಲ್ಲ, ರಿಟರ್ನ್ ಯಾಕೆ?’ ಎನ್ನುವವರು ಬಹಳ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಸೊನ್ನೆಯಾಗುವುದು ರಿಬೇಟ್‌ನಿಂದ, ಅಂದರೆ ಲೆಕ್ಕ ಹಾಕಿದ ತೆರಿಗೆಯನ್ನು ಮನ್ನಾ ಮಾಡುವುದರಿಂದ. ವಿನಾಯಿತಿ ಮಿತಿ 4 ಲಕ್ಷ ಮಾತ್ರ. ಅದನ್ನು ದಾಟಿದವರು ರಿಟರ್ನ್ ಹಾಕಲೇಬೇಕು. ಕೊಂಡ ಒಂದು ವರ್ಷದೊಳಗೆ ಷೇರು ಮಾರಿ ಗಳಿಸಿದ ಲಾಭಕ್ಕೆ ಈ ರಿಬೇಟ್ ಸಿಗುವುದಿಲ್ಲ. ಅಂಥವರಿಗೆ ರಿಟರ್ನಿನ ಸರಳ ಫಾರ್ಮ್ ಐಟಿಆರ್-1 ಕೂಡ ನಡೆಯದು, ಐಟಿಆರ್-2 ಬೇಕು.

ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆದ ಕೂಡಲೇ ಫಾರ್ಮ್ ತುಂಬಲು ಹೋಗಬೇಡಿ. ಮೊದಲು ಎಐಎಸ್ (ನಿಮ್ಮ ಆದಾಯದ ಬಗ್ಗೆ ಇಲಾಖೆಯ ಬಳಿ ಇರುವ ವಿವರ) ಮತ್ತು 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಇಳಿಸಿಕೊಂಡು ಫಾರ್ಮ್ 16ರ ಪಕ್ಕ ಇಟ್ಟು ನೋಡಿ. ಫಾರ್ಮ್ 16ರಲ್ಲಿ ಸಾಮಾನ್ಯವಾಗಿ ಇರದ ಎಫ್‌ಡಿ ಬಡ್ಡಿ, ಉಳಿತಾಯ ಖಾತೆಯ ಬಡ್ಡಿ, ಡಿವಿಡೆಂಡ್ ಎಲ್ಲ ಎಐಎಸ್‌ನಲ್ಲಿ ಸಿಗುತ್ತವೆ. ಬ್ಯಾಂಕಿಗೆ ‘ತೆರಿಗೆ ಹಿಡಿಯಬೇಡಿ’ ಎನ್ನುವ ಫಾರ್ಮ್ 15ಜಿ ಕೊಟ್ಟಿದ್ದರೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯುವುದಿಲ್ಲ ಅಷ್ಟೇ, ಬಡ್ಡಿ ಆದಾಯವಲ್ಲ ಎಂದಾಗುವುದಿಲ್ಲ.

ಹೆಚ್ಚು ಜನ ಸಿಕ್ಕಿಬೀಳುವುದು ವರ್ಷದ ನಡುವೆ ಕೆಲಸ ಬದಲಿಸಿದಾಗ. ಹಳೆ ಕಂಪನಿಯಲ್ಲಿ 7 ಲಕ್ಷ, ಹೊಸದರಲ್ಲಿ 7 ಲಕ್ಷ ಬಂತು ಎನ್ನಿ. ಹಳೆಯ ಸಂಬಳದ ವಿವರವನ್ನು ಫಾರ್ಮ್ 12ಬಿಯಲ್ಲಿ ಕೊಡದಿದ್ದರೆ ಹೊಸ ಕಂಪನಿ ತನ್ನ 7 ಲಕ್ಷವನ್ನಷ್ಟೇ ನೋಡಿ ಒಂದು ರೂಪಾಯಿಯನ್ನೂ ಹಿಡಿಯುವುದಿಲ್ಲ. ಸಂಬಳದಿಂದ ನೇರವಾಗಿ ಕಳೆಯುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡೂ ಫಾರ್ಮ್ 16ರಲ್ಲಿ ಕಳೆದಿರುತ್ತದೆ, ಆದರೆ ಸಿಗುವುದು ಒಂದೇ ಸಲ. ಕೂಡಿಸಿದರೆ 14 ಲಕ್ಷ, ಕಳೆದು 13.25 ಲಕ್ಷ. 4ರಿಂದ 8 ಲಕ್ಷಕ್ಕೆ 5%, ಅಂದರೆ 20,000, 8ರಿಂದ 12ಕ್ಕೆ 10%, 40,000, ಉಳಿದ 1.25 ಲಕ್ಷಕ್ಕೆ 15%, 18,750. ಒಟ್ಟು 78,750, ಅದರ ಮೇಲೆ 4% ಸೆಸ್ 3,150. ಕೊನೆಗೆ 81,900. 26ಎಎಸ್‌ನಲ್ಲಿ ಕಾಣುವ ಟಿಡಿಎಸ್ ಕಳೆದು ಮಿಕ್ಕದ್ದನ್ನು, ಬಾಕಿ ತೆರಿಗೆಗೆ ಬಡ್ಡಿ ಬಿದ್ದರೆ ಅದನ್ನೂ ಸೇರಿಸಿ, ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ‘ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ 300’ ಆರಿಸಿ ಕಟ್ಟಿ. ಚಲನ್‌ನ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಸಂಖ್ಯೆ), ದಿನಾಂಕ, ಸಂಖ್ಯೆ ರಿಟರ್ನಿನಲ್ಲಿ ಬಂದಿವೆಯೇ ನೋಡಿಯೇ ಸಲ್ಲಿಸಿ.

ಹಳೆ ಪದ್ಧತಿ ಬೇಕೆಂದರೆ ಜುಲೈ 31ರೊಳಗೆ ಹಾಕಿ. ಗಡುವು ಮೀರಿದರೆ ಹೊಸದೇ ಗತಿ. ಜೊತೆಗೆ 5,000 ತಡ ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000. ಹಳೆ ಪದ್ಧತಿಯ ಮನೆ ಬಾಡಿಗೆ ಭತ್ಯೆ ವಿನಾಯಿತಿಯ ಲೆಕ್ಕದಲ್ಲಿ 2025-26ರ ಸಂಬಳಕ್ಕೆ ಬೆಂಗಳೂರಿಗೆ ಮೂಲ ವೇತನದ 40% ಮಾತ್ರ, 50% ಅಲ್ಲ. ಪಗಾರದಲ್ಲಿ ಕಡಿತವಾಗುವ ವೃತ್ತಿ ತೆರಿಗೆಯನ್ನು ಕಳೆಯುವ ಅವಕಾಶವೂ ಹಳೆ ಪದ್ಧತಿಯಲ್ಲಷ್ಟೇ.

ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಆಗಬೇಕು, ಅಂದರೆ ಹಾಕಿದ್ದು ನೀವೇ ಎಂದು ಆನ್‌ಲೈನಿನಲ್ಲಿ ದೃಢಪಡಿಸಬೇಕು. ಆಧಾರ್ ಒಟಿಪಿಯಲ್ಲಿ ಎರಡು ನಿಮಿಷದ ಕೆಲಸ, ಆದರೆ ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು. ಆಗದಿದ್ದರೆ ಸಲ್ಲಿಕೆಯ ಸ್ವೀಕೃತಿ ಪತ್ರವಾದ ಐಟಿಆರ್-ವಿಗೆ ಸಹಿ ಹಾಕಿ ಬೆಂಗಳೂರು 560500ರಲ್ಲಿರುವ ಇಲಾಖೆಯ ಕೇಂದ್ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಿ. ಇಷ್ಟು ಮಾಡದಿದ್ದರೆ ಸಲ್ಲಿಸಿದ ರಿಟರ್ನ್ ಲೆಕ್ಕಕ್ಕೇ ಬರುವುದಿಲ್ಲ.

ರಿಫಂಡ್ ಬರಬೇಕಿದ್ದರೆ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು. ಈಗ ವಿಲೀನವಾಗಿರುವ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ಕಾಲದ ಐಎಫ್‌ಎಸ್‌ಸಿ ಕೋಡ್ ಇನ್ನೂ ಉಳಿದಿದ್ದರೆ ಹಣ ಬಾರದು, ಹೊಸದನ್ನು ಹಾಕಿ. ಕೊನೆಗೆ ಇಮೇಲ್‌ಗೆ 143(1) ಇಂಟಿಮೇಶನ್, ಅಂದರೆ ಇಲಾಖೆ ಮಾಡಿದ ಲೆಕ್ಕದ ಪತ್ರ, ಬರುತ್ತದೆ. ಅದರ ಪಾಸ್‌ವರ್ಡ್ ಸಣ್ಣಕ್ಷರದಲ್ಲಿ ಪ್ಯಾನ್, ಅದಕ್ಕಂಟಿ ಹುಟ್ಟಿದ ದಿನ, ತಿಂಗಳು, ವರ್ಷ. ತೆರೆದು ನಿಮ್ಮ ಲೆಕ್ಕದ ಕಾಲಮ್ಮನ್ನೂ ಇಲಾಖೆಯದನ್ನೂ ಸಾಲುಸಾಲಾಗಿ ತಾಳೆ ನೋಡಿ.