ಟಿಎಲ್‌ಆರ್-7 ಔಷಧಿಗಳನ್ನು ನಾನು ಲ್ಯಾಬಿನಲ್ಲಿ ಪರೀಕ್ಷಿಸುವ ಬಗೆ

ಸತ್ತ ವೈರಸ್ಸನ್ನೋ ಅದರ ಒಂದು ಪ್ರೋಟೀನನ್ನೋ ಸುಮ್ನೆ ಚುಚ್ಚಿದರೆ ದೇಹ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅದನ್ನು ಕೆರಳಿಸಲು ಲಸಿಕೆಗೆ ಅಡ್ಜುವೆಂಟ್ ಸೇರಿಸುತ್ತಾರೆ. ನನ್ನ ಕೆಲಸ ರೋಗನಿರೋಧಕ ಕೋಶಗಳಲ್ಲಿರುವ ಟಿಎಲ್‌ಆರ್-7 ಎಂಬ ಗ್ರಾಹಕವನ್ನು ತಟ್ಟುವ ಅಣುಗಳ ಮೇಲೆ, ಮುಖ್ಯವಾಗಿ ಆರ್-848. ನರಹುಲಿಗೆ ಹಚ್ಚುವ ಇಮಿಕ್ವಿಮೋಡ್ ಕ್ರೀಮ್ ಇದೆಯಲ್ವಾ, ಇದೂ ಅದೇ ಮನೆತನದ್ದು.

ಇಲಿಯ ತೊಡೆಮೂಳೆಯಿಂದ ಮಜ್ಜೆ ತೆಗೆದು, ಕೆಂಪು ಕಣಗಳನ್ನು ಒಡೆದು, ಜಿಎಂ-ಸಿಎಸ್‌ಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಹಾಕಿ ವಾರದ ಮಟ್ಟಿಗೆ ಬೆಳೆಸಿದರೆ ಡೆಂಡ್ರೈಟಿಕ್ ಕೋಶಗಳು ಸಿಗುತ್ತವೆ, ಶತ್ರುವಿನ ಗುರುತನ್ನು ಟಿ ಕೋಶಗಳಿಗೆ ತೋರಿಸುವ ಕೋಶಗಳು ಇವು. ತಳಕ್ಕೆ ಬಿಗಿಯಾಗಿ ಅಂಟಿದವು ಬೇಡ, ಅವು ಹೆಚ್ಚಾಗಿ ಮ್ಯಾಕ್ರೋಫೇಜ್‌ಗಳು, ಅಂದರೆ ರೋಗಾಣು ನುಂಗುವ ಕೋಶಗಳು. ಸಡಿಲವಾಗಿರುವುದನ್ನು ಮೆಲ್ಲಗೆ ಪಿಪೆಟ್‌ನಲ್ಲಿ ಎತ್ತಿಕೊಳ್ಳಬೇಕು. ಜೋರಾಗಿ ಅಲುಗಿಸಿದರೆ ಔಷಧಿ ಇಲ್ಲದೆಯೇ ಕೋಶಗಳು ಕೆರಳುತ್ತವೆ.

ಔಷಧಿ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ಕೋಶ ಎಚ್ಚೆತ್ತಾಗ ಮೈಮೇಲೆ ಹೆಚ್ಚುವ ಸಿಡಿ80, ಸಿಡಿ86 ಪ್ರೋಟೀನ್‌ಗಳನ್ನು ನೋಡುತ್ತೇನೆ, ಎಲೈಸಾ ಪರೀಕ್ಷೆಯಲ್ಲಿ ಕೋಶ ಹೊರಬಿಡುವ ಐಎಲ್-12 ಎಂಬ ಸಂಕೇತದ ಪ್ರೋಟೀನ್ ಅಳೆಯುತ್ತೇನೆ. ಎಲ್ಲವೂ ಏರಿದ್ದರೆ ಡೆಂಡ್ರೈಟಿಕ್ ಕೋಶ ಟಿ ಕೋಶಗಳಿಗೆ ಪಾಠ ಹೇಳಲು ತಯಾರು.

ಆದರೆ ಇಷ್ಟಕ್ಕೇ ಖುಷಿಪಡುವವರನ್ನು ನಾನು ನಂಬುವುದಿಲ್ಲ. ಬ್ಯಾಕ್ಟೀರಿಯಾದ ಗೋಡೆಯಿಂದ ಬರುವ ಎಂಡೋಟಾಕ್ಸಿನ್ ಚೂರೇ ಚೂರು ಬೆರೆತಿದ್ದರೂ ಟಿಎಲ್‌ಆರ್-4 ಎಂಬ ಬೇರೊಂದು ಗ್ರಾಹಕದ ಮೂಲಕ ಇದೇ ಫಲಿತಾಂಶ ಬರುತ್ತದೆ. ಅದಕ್ಕೇ ಪ್ರತಿ ಬ್ಯಾಚಿಗೂ ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಟೆಸ್ಟ್ ಮಾಡುತ್ತೇನೆ. ಕೋಶ ಬೆಳೆಸುವ ಪ್ಲೇಟಿನ ಒಂದಿಷ್ಟು ಗುಳಿಗಳಿಗೆ ಎಂಡೋಟಾಕ್ಸಿನ್ನನ್ನು ಹಿಡಿದಿಡುವ ಪಾಲಿಮಿಕ್ಸಿನ್-ಬಿ ಹಾಕುತ್ತೇನೆ. ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಟಿಎಲ್‌ಆರ್-7 ಇಲ್ಲದ ಇಲಿಯ ಕೋಶಗಳು. ಅವು ಸುಮ್ಮನಿದ್ದರೆ ಮಾತ್ರ ಕೆರಳಿಸಿದ್ದು ನನ್ನ ಔಷಧಿ ಅಂತ ಒಪ್ಪುತ್ತೇನೆ.

ನಿಜವಾದ ತಲೆನೋವು ಚುಚ್ಚುಮದ್ದಿನಲ್ಲಿದೆ. ಆರ್-848 ತೀರಾ ಚಿಕ್ಕ ಅಣು. ಚುಚ್ಚಿದ ಜಾಗದಲ್ಲಿ ನಿಲ್ಲದೆ ರಕ್ತಕ್ಕೆ ಸೇರಿ ಮೈಯೆಲ್ಲ ಕೆರಳಿಸುತ್ತದೆ, ಅತ್ತ ಪ್ರೋಟೀನ್ ಒಂಟಿಯಾಗಿ ಉಳಿಯುತ್ತದೆ. ಕೋವ್ಯಾಕ್ಸಿನ್‌ನಲ್ಲಿ ಇದಕ್ಕೊಂದು ದಾರಿ ಇದೆ. ಅಮೆರಿಕದ ಕ್ಯಾನ್ಸಸ್‌ನ ವೈರೋವ್ಯಾಕ್ಸ್ ರೂಪಿಸಿದ ಆಲ್‌ಹೈಡ್ರಾಕ್ಸಿಕ್ವಿಮ್-2 ಎಂಬ ಅಡ್ಜುವೆಂಟ್ ಅದರಲ್ಲಿದೆ. ಟಿಎಲ್‌ಆರ್-7 ಮತ್ತು 8ನ್ನು ತಟ್ಟುವ ಅಣುವನ್ನು ಅದರಲ್ಲಿ ಆಲಮ್ ಎಂಬ ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿದ್ದಾರೆ. ಆಲಮ್ ಹಳೇ ಕುಳ, ಅಡ್ಜುವೆಂಟ್ ಆಗಿ 1926ರಿಂದಲೂ ಇದೆ.

ನಾನು ಫಾಸ್ಫೋನೇಟ್ ಬಾಲವಿರುವ ಅಣುವನ್ನು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೊತೆ ಕಲಸುತ್ತೇನೆ. ಆ ಬಾಲವೇ ಆಲಮ್ಮನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ, ಮೇಲೆ ತೇಲುವ ತಿಳಿಯಲ್ಲಿ ಅಂಟದೆ ಉಳಿದ ಔಷಧಿ ಎಷ್ಟಿದೆ ಅಂತ ಯುವಿ ಬೆಳಕು ಹಾಯಿಸಿ ನೋಡುತ್ತೇನೆ. ಅಲ್ಲಿ ಜಾಸ್ತಿ ಕಂಡರೆ ಆ ಬ್ಯಾಚ್ ಇಲಿಗೆ ಹೋಗುವುದಿಲ್ಲ.

ಬರೀ ಆಲಮ್ ಕೊಟ್ಟ ಇಲಿಗಳಲ್ಲಿ ಐಜಿಜಿ-1 ಎಂಬ ಬಗೆಯ ಪ್ರತಿಕಾಯದ್ದೇ ಮೇಲುಗೈ. ಈ ಅಣು ಸೇರಿದರೆ ಐಜಿಜಿ-2ಸಿ ಎಂಬ ಇನ್ನೊಂದು ಬಗೆ ಏರುತ್ತದೆ. ಹೊಸಬರಿಗೊಂದು ಮಾತು: ಸಿ57 ಎಂಬ ಲ್ಯಾಬ್ ತಳಿಯ ಕಪ್ಪು ಇಲಿಗೆ ಐಜಿಜಿ-2ಎ ಜೀನೇ ಇಲ್ಲ, ಅದನ್ನು ಅಳೆಯುವ ಕಿಟ್‌ಗೆ ದುಡ್ಡು ಹಾಕಬೇಡಿ. ಇನ್ನೊಂದು, ಇಲಿಯ ಟಿಎಲ್‌ಆರ್-8 ಆರ್-848ಗೆ ಸರಿಯಾಗಿ ಓಗೊಡುವುದಿಲ್ಲ, ಮನುಷ್ಯರದ್ದು ಓಗೊಡುತ್ತದೆ. ಹಾಗಾಗಿ ಇಲಿಯಲ್ಲಿ ಗೆದ್ದ ಡೋಸನ್ನು ದಾನಿಗಳ ರಕ್ತದ ಕೋಶಗಳಲ್ಲಿ ಮತ್ತೆ ಮೊದಲಿನಿಂದ ಹುಡುಕುತ್ತೇನೆ.