ಟಿವಿಯ ಚಿತ್ರಕ್ಕೆ ಮೊಬೈಲಿನ ರೇಡಿಯೊ ದನಿ: ನನ್ನ ಅನುಭವ

ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಟಿವಿಯಲ್ಲಿ ದನಿಯಿಲ್ಲದೆ ನೋಡುತ್ತ, ನಮ್ಮ ತಂಡದ ರೇಡಿಯೊ ವೀಕ್ಷಕ ವಿವರಣೆಯನ್ನು ಮೊಬೈಲಿನಿಂದ ಅದೇ ಕ್ಷಣಕ್ಕೆ ಹೊಂದಿಸಿ ಕೇಳುವುದು ಆಗದ ಮಾತು ಎಂದು ಕನ್ನಡ ಕೂಟದ ಗೆಳೆಯರೆಲ್ಲ ನಕ್ಕಿದ್ದರು. ಮೂರು ಸೀಸನ್ ಕೈಸುಟ್ಟುಕೊಂಡ ಮೇಲೆ, 2024ರ ನವೆಂಬರ್ 30ರಂದು ಕೊಲಂಬಸ್‌ನಲ್ಲಿ ನಡೆದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಹಾಗೆಯೇ ನೋಡಿದೆ. ನಕ್ಕವರಲ್ಲಿ ಇಬ್ಬರು ಅಂದು ನಮ್ಮ ಮನೆಯ ಸೋಫಾದ ಮೇಲೆಯೇ ಇದ್ದರು.

ಇಷ್ಟೆಲ್ಲ ಏಕೆ ಎಂದು ಕೇಳುವವರು ಆಕಾಶವಾಣಿಯ ಕ್ರಿಕೆಟ್ ವಿವರಣೆ ಕೇಳುತ್ತ ಬೆಳೆದವರಲ್ಲ ಎಂದುಕೊಳ್ಳುತ್ತೇನೆ. ಟಿವಿಯವರು ಎರಡೂ ತಂಡಗಳಿಗೆ ಸಮನಾಗಿ ಮಾತನಾಡಬೇಕು. 2022ರಿಂದ ನಮ್ಮ ರೇಡಿಯೊದಲ್ಲಿರುವ ಡಗ್ ಕಾರ್ಷ್ ಮತ್ತು ಜಾನ್ ಜಾನ್ಸನ್ ಅವರಿಗೆ ಆ ಹಂಗಿಲ್ಲ. ಜಾನ್ಸನ್ ಅವರಂತೂ 1997ರ ಚಾಂಪಿಯನ್ ತಂಡದಲ್ಲಿ ಸ್ವತಃ ಆಡಿದವರು, ಮುಂದಿನ ಸಾಲಿನಲ್ಲಿ ನಿಂತು ತಡೆಯುವ ಲೈನ್‌ಮನ್‌ನ ಕಾಲು ಎಲ್ಲಿ ಜಾರಿತು ಎಂಬುದನ್ನೂ ಬಿಡದೆ ಹೇಳುತ್ತಾರೆ.

ಮೊದಲ ವರ್ಷ ನಾನು ಮಾಡಿದ ತಪ್ಪು ಅಡ್ಡದಾರಿ ಹಿಡಿದದ್ದು. ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನ 1050 ಎಎಂ ರೇಡಿಯೊ ಕೇಂದ್ರದ ಪ್ರಸಾರ ಟಿವಿಗಿಂತ ಕೆಲವು ಸೆಕೆಂಡು ಮುಂದಿರುತ್ತದೆ ಎಂದು ತಿಳಿದು, ದನಿಯನ್ನು ತಡಮಾಡಿ ಬಿಡುವ ಒಂದು ಪೆಟ್ಟಿಗೆಯನ್ನು ಸುಮಾರು 130 ಡಾಲರ್ ಕೊಟ್ಟು ತಂದೆ. ಮಧ್ಯಾಹ್ನದ ಪಂದ್ಯಗಳಿಗೆ ಅದು ಸರಿಹೋಯಿತು, ಆದರೆ ಅಡುಗೆಮನೆಯ ಎಲ್‌ಇಡಿ ದೀಪ ಹಚ್ಚಿದೊಡನೆ ಗರ್ರೆನ್ನುವ ಸದ್ದಿನಲ್ಲಿ ಮಾತು ಮುಳುಗುತ್ತಿತ್ತು. ನವೆಂಬರ್ ಬಂದು ಸಂಜೆ ಐದೂಕಾಲಿಗೆಲ್ಲ ಕತ್ತಲಾದಾಗ ಕೇಂದ್ರದವರು ರಾತ್ರಿಯ ನಿಯಮದಂತೆ ಶಕ್ತಿ ತಗ್ಗಿಸುವುದರಿಂದ, ಮೂರೂವರೆಯ ಪಂದ್ಯದ ಎರಡನೆಯ ಅರ್ಧ ನಮ್ಮ ಮನೆಗೆ ತಲುಪುತ್ತಲೇ ಇರಲಿಲ್ಲ. ಆ ಪೆಟ್ಟಿಗೆ ಈಗ ಗ್ಯಾರೇಜಿನಲ್ಲಿದೆ.

ಎರಡನೆಯ ವರ್ಷ ಮೊಬೈಲಿಗೆ ಬಂದೆ. ಇಲ್ಲಿ ಲೆಕ್ಕ ತಲೆಕೆಳಗು: ಪ್ರಸಾರ ತುಣುಕು ತುಣುಕಾಗಿ ಬರುತ್ತದೆ, ಮೊಬೈಲಿನ ಪ್ಲೇಯರ್ ಮೂರು ತುಣುಕು ಹಿಂದಿನಿಂದ ಶುರುಮಾಡುತ್ತದೆ, ಅರ್ಧ ನಿಮಿಷ ಅಲ್ಲೇ ಹೋಗುತ್ತದೆ. ನಾನು ಅಳೆದಾಗ ಆಂಟೆನಾದ ಟಿವಿಗಿಂತ ಮೊಬೈಲು ಸುಮಾರು 40 ಸೆಕೆಂಡು ಹಿಂದಿತ್ತು. ಆದ್ದರಿಂದ ನಿಲ್ಲಿಸಬೇಕಾದದ್ದು ಟಿವಿಯನ್ನು. ಆದರೆ ಆಗ ನಮ್ಮಲ್ಲಿ ಟಿವಿಯೂ ಇಂಟರ್ನೆಟ್ಟಿನಿಂದಲೇ ಬರುತ್ತಿದ್ದು, ಒಂದು ಶನಿವಾರ ಅದು ಮುಂದಿದ್ದರೆ ಮತ್ತೊಂದು ಶನಿವಾರ ಹಿಂದಿರುತ್ತಿತ್ತು. 2023ರ ನವೆಂಬರ್ 25ರ ಪಂದ್ಯವಂತೂ ಮರೆಯಲಾಗದು: ಕೊನೆಯ ನಿಮಿಷದಲ್ಲಿ ಒಹಾಯೊ ಸ್ಟೇಟ್ ಚೆಂಡು ಹಿಡಿದು ಬರುತ್ತಿರುವಾಗ, ಕೈಯಲ್ಲಿದ್ದ ಅದೇ ಮೊಬೈಲು ಒಮ್ಮೆ ನಡುಗಿ, 30–24 ಎಂಬ ಅಂತಿಮ ಅಂಕವನ್ನು ಪರದೆಯ ಮೇಲೆ ತೋರಿಸಿಬಿಟ್ಟಿತು. ನಮ್ಮ ರಾಡ್ ಮೂರ್ ಚೆಂಡು ಕಸಿದದ್ದನ್ನು ನಾನು ನೋಡಿದ್ದು ಆಮೇಲೆ. ಅಂದಿನಿಂದ ಪಂದ್ಯದ ಹೊತ್ತಿನಲ್ಲಿ ಮೊಬೈಲಿನ ಎಲ್ಲ ಸೂಚನೆಗಳೂ ಬಂದ್.

ಈಗಿನ ಏರ್ಪಾಡು ಸರಳ. ಅಟ್ಟದಲ್ಲಿ 40 ಡಾಲರಿನ ಆಂಟೆನಾ, ಅದಕ್ಕೆ ಜೋಡಿಸಿದ, ಲೈವ್ ಪ್ರಸಾರವನ್ನು ನಿಲ್ಲಿಸಬಲ್ಲ ಟ್ಯೂನರ್ ಪೆಟ್ಟಿಗೆ ಹಾರ್ಡ್‌ಡಿಸ್ಕ್ ಸಹಿತ ಸುಮಾರು 180 ಡಾಲರ್. 2023ರಿಂದ ನಮ್ಮ ತಂಡವಿರುವ ಬಿಗ್ ಟೆನ್ ಕೂಟದ ಪಂದ್ಯಗಳು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಚಾನೆಲ್‌ಗಳಲ್ಲಿ ಬರುವುದರಿಂದ ನಮ್ಮ ದೊಡ್ಡ ಪಂದ್ಯಗಳೆಲ್ಲ ಆಂಟೆನಾಕ್ಕೇ ಸಿಗುತ್ತವೆ. ಮೊಬೈಲು ಚಾರ್ಜರಿಗೆ, ಅದರ ದನಿ ತಂತಿಯಲ್ಲಿ ಹಳೆಯ ಆಂಪ್ಲಿಫೈಯರಿಗೆ.

ಹೊಂದಿಸುವ ಕ್ಷಣ ಯಾವುದು ಎಂಬುದೇ ಇದರ ಮರ್ಮ. ಕಿಕ್‌ಆಫ್ ನೋಡಿ ಹೊಂದಿಸಿದೆ, ಆಟ ಶುರುವಾಗಲು ಚೆಂಡನ್ನು ಹಿಂದಕ್ಕೆ ಕೊಡುವ ಸ್ನ್ಯಾಪ್ ನೋಡಿ ಹೊಂದಿಸಿದೆ, ವಿವರಣೆಕಾರರು ಬಾಯಿ ತೆರೆಯುವುದೇ ಒಂದು ಗಳಿಗೆ ತಡವಾದ್ದರಿಂದ ಯಾವುದೂ ಕೂಡಲಿಲ್ಲ. ಕೊನೆಗೆ ಹೊಳೆದದ್ದು ರೆಫರಿ. ಪೆನಾಲ್ಟಿ, ಅಂದರೆ ತಪ್ಪಿಗೆ ದಂಡ, ಘೋಷಿಸುವಾಗ ಮೈದಾನದ ಮೈಕಿನ ಅವರ ದನಿ ಟಿವಿಯಲ್ಲೂ ಬರುತ್ತದೆ, ರೇಡಿಯೊದಲ್ಲೂ ಹಿನ್ನೆಲೆಯಲ್ಲಿ ಕೇಳುತ್ತದೆ. ಮೊದಲು ಟಿವಿಯನ್ನು ಅಂದಾಜಿನಲ್ಲಿ 40 ಸೆಕೆಂಡು ನಿಲ್ಲಿಸಿ, ತಪ್ಪು ಸೂಚಿಸುವ ಹಳದಿ ಬಟ್ಟೆ ಬಿದ್ದೊಡನೆ ಟಿವಿಯ ದನಿ ತೆರೆಯುತ್ತೇನೆ. ‘ಹೋಲ್ಡಿಂಗ್’ ಎಂಬ ತಪ್ಪಿನ ಹೆಸರು ಎರಡು ಸಲ ಕೇಳಿದರೆ ಇನ್ನೂ ಅಂತರವಿದೆ. ರಿಮೋಟಿನ ಒಂದೊಂದು ಒತ್ತಿಗೆ ಅದು ಪ್ರತಿಧ್ವನಿಯಾಗಿ, ಬಾವಿಯೊಳಗಿನಿಂದ ಬಂದಂತಾಗಿ, ಆಮೇಲೆ ಒಂದೇ ದನಿಯಾಗುತ್ತದೆ. ಎರಡನೆಯ ಪೆನಾಲ್ಟಿಯ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಅರ್ಧ ಸೆಕೆಂಡಿಗಿಂತ ಕಡಿಮೆ ಜಿಗಿಯುವಂತೆ ರಿಮೋಟನ್ನು ಹೇಗೆ ಪಳಗಿಸಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೊಂದಿದ್ದು ನಡುವೆ ತಪ್ಪುತ್ತಿದ್ದುದಕ್ಕೆ ಬ್ಲೂಟೂತ್ ಕಾರಣವೆಂದು ಅದನ್ನು ಬೈದು 60 ಡಾಲರಿನ ತಂತಿಯ ಹೆಡ್‌ಫೋನು ಕೊಂಡೆ. ಅದು ನಿರಪರಾಧಿ. ಮೊಬೈಲು ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರಿದಾಗಲೆಲ್ಲ ಪ್ರಸಾರ ಹೊಸದಾಗಿ ತುಂಬಿಕೊಂಡು ಐದಾರು ಸೆಕೆಂಡು ಹಿಂದೆ ಬೀಳುತ್ತಿತ್ತು. ಡೇಟಾ ಬಂದ್ ಮಾಡಿ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ರೇಡಿಯೊ ಆ್ಯಪನ್ನು ತೆಗೆದ ಮೇಲೆ ಇಡೀ ಪಂದ್ಯಕ್ಕೆ ಒಂದೆರಡು ಸಲ ತಿದ್ದಿದರೆ ಸಾಕು. ಖರ್ಚಾಗುವುದು ಮೂರೂವರೆ ಗಂಟೆಗೆ ಹೆಚ್ಚೆಂದರೆ 100 ಎಂಬಿ.

ಉಳಿದದ್ದು ಮನೆಯವಳ ರೇಡಿಯೊ. ಅವಳು ಅಡುಗೆಮನೆಯಲ್ಲಿ 1050 ಹಾಕಿಕೊಂಡು ನಮಗಿಂತ ಮುಕ್ಕಾಲು ನಿಮಿಷ ಮೊದಲೇ “ಅಯ್ಯೋ!” ಎನ್ನುತ್ತಿದ್ದಳು. ಕೊಲಂಬಸ್ ಪಂದ್ಯದ ದಿನ ಕೇಳಿಕೊಂಡು ಅದನ್ನು ಬಂದ್ ಮಾಡಿಸಿದೆ, ಬದಲಿಗೆ ಪಾತ್ರೆ ತೊಳೆಯುವ ಕರಾರಾಯಿತು. ಕೊನೆಗೆ 45 ಸೆಕೆಂಡು ಉಳಿದಿರುವಾಗ ನಮ್ಮ ಡೊಮಿನಿಕ್ ಜ್ವಾಡಾ 21 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದುಹೋಗುವುದಕ್ಕೂ ರೇಡಿಯೊದ ಕೂಗಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. 13–10, ಗೆಲುವು ನಮ್ಮದು. ಗೆಳೆಯರಿಬ್ಬರೂ ಟ್ಯೂನರಿನ ಬೆಲೆ ಕೇಳಿದ್ದು ಆಗಲೇ.

ಬಿಗ್ ಟೆನ್ ನೆಟ್‌ವರ್ಕ್ ಎಂಬ ಕೇಬಲ್ ಚಾನೆಲಿನ ಪಂದ್ಯಗಳು ಆಂಟೆನಾಕ್ಕೆ ಬರುವುದಿಲ್ಲ. ಆ ಶನಿವಾರ ಟಿವಿ ಹಾಕದೆ, ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಅಂಗಳದ ಎಲೆ ಗುಡಿಸುತ್ತೇನೆ.